ಲೀಟರಿಗೆ ಇಪ್ಪತ್ನಾಲ್ಕು ಮತ್ತು ನಿಲ್ಕುಂದದ ಇಳಿಜಾರು

ಹಲಸಿನ ಹಪ್ಪಳದ ಕಾಲ. ಸಿರ್ಸಿಯ ನಮ್ಮ ಮನೆಯ ತಾರಸಿಯಲ್ಲಿ ಹಳೆಯ ಸೀರೆ ಹಾಸಿ, ಹಿಂದಿನ ದಿನ ಒತ್ತಿದ ಹಪ್ಪಳಗಳನ್ನು ಮಗುಚಿ ಹಾಕುತ್ತಿದ್ದೆ. ಅರ್ಧ ಒಣಗಿದ ಹಪ್ಪಳವನ್ನು ಬಟ್ಟೆಯಿಂದ ಬಿಡಿಸುವಾಗ ಅವಸರ ಮಾಡಿದರೆ ಹರಿಯುತ್ತದೆ, ತಡ ಮಾಡಿದರೆ ಅಂಚು ಸುರುಳಿ ಸುತ್ತುತ್ತದೆ. ಹಾಗಾಗಿ ಫೋನು ಒಂದು ಸಲ ಬಡಿದುಕೊಂಡು ನಿಂತರೂ ನಾನು ಏಳಲಿಲ್ಲ. ಎರಡನೆಯ ಸಲಕ್ಕೆ ಎದ್ದು ನೋಡಿದರೆ ಯಜಮಾನರ ನಂಬರು. ಎತ್ತಿದರೆ ದನಿ ಅವರದಲ್ಲ.

“ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಾ ಹಾವೇರಿ ಕಡೆ ಲಾರಿಯಂವ. ಇಲ್ಲಿ ನಿಲ್ಕುಂದ ದಾಟಿ ಇಳಿಜಾರಿನಾಗ ಭಟ್ಟರ ಕಾರು ಮಣ್ಣಿನ ದಿಬ್ಬಕ್ಕ ಗುದ್ದೈತಿ. ಯಾರಿಗೂ ಏನೂ ಆಗಿಲ್ರಿ.”

ಏನೂ ಆಗಿಲ್ಲ ಎಂದು ಮೊದಲೇ ಹೇಳುವವರ ಮಾತನ್ನು ನಂಬುವುದು ಹೇಗೆ? ಕಾರಿನಲ್ಲಿ ಇವರೊಬ್ಬರೇ ಇರಲಿಲ್ಲ. ಎಂಬತ್ತು ದಾಟಿದ ನನ್ನ ಅತ್ತೆಯೂ ಇದ್ದರು. ಅವರ ತವರಿನ ಕಡೆಯವರ ಮನೆಯಲ್ಲಿ ಸತ್ಯನಾರಾಯಣ ವ್ರತ, ಮಾಡಿಸಲು ಹೊರಟಿದ್ದವರು ಇವರು.

“ಅವರ ಕೈಗೆ ಫೋನು ಕೊಡಿ,” ಅಂದೆ.

“ಅವರು ನೀರು ಕುಡ್ಯಾಕ್ಹತ್ತಾರ್ರಿ. ಅಮ್ಮಾರು ನಮ್ಮ ಕ್ಲೀನರ್‌ಗ ಬೈಯಾಕ್ಹತ್ತಾರ. ತೆಂಗಿನಕಾಯಿ ಚರಂಡಿಗೆ ಉರುಳ್ಯಾವಂತ, ದೇವರಿಗೆ ಅಂತ ತಂದಿದ್ದು, ಕಾಲು ತಾಗಿಸಬ್ಯಾಡ ಅಂತ.”

ಹಿಂದಿನಿಂದ ಅತ್ತೆಯ ದನಿ ಕೇಳಿಯೂ ಬಿಟ್ಟಿತು. ಅಷ್ಟು ಜೋರಾಗಿ ಬೈಯಬೇಕಾದರೆ ಎಲುಬೆಲ್ಲ ನೆಟ್ಟಗಿದೆ ಎಂದು ಅರ್ಥ. ಅಲ್ಲೇ ತಾರಸಿಯ ಕಟ್ಟೆಯ ಮೇಲೆ ಕೂತು ಅಮ್ಮನವರ ಗುಡಿಯ ದಿಕ್ಕಿಗೆ ಕೈ ಮುಗಿದೆ. ಲಾರಿಯವರೇ ಅವರನ್ನು ನಿಲ್ಕುಂದದವರೆಗೆ ತಂದು ಬಿಡುತ್ತಾರೆ, ಅಲ್ಲಿಂದ ಸಿರ್ಸಿಗೆ ಬಾಡಿಗೆ ಗಾಡಿ ಮಾಡಿಕೊಳ್ಳುತ್ತಾರೆ ಎಂದು ಆತ ಹೇಳಿದ.

ಅವರು ಬರುವವರೆಗೆ ಕಾಯಬೇಕಿತ್ತು. ಕಾಯುತ್ತ ಕೂತಾಗ ನನಗೆ ಸಂಶಯವೇ ಇರಲಿಲ್ಲ, ಇದು ಆ ಇಪ್ಪತ್ನಾಲ್ಕರ ಕೆಲಸ.

ಯಜಮಾನರದು ಪೌರೋಹಿತ್ಯ. ಸಿದ್ದಾಪುರದ ಹೇರೂರಿನಿಂದ ಹಿಡಿದು ಯಲ್ಲಾಪುರದವರೆಗೆ ಮನೆಗಳಿವೆ. ಮೊದಲೆಲ್ಲ ಬಸ್ಸಿಳಿದು, ಗಂಟು ಹೊತ್ತು ನಡೆಯುತ್ತಿದ್ದರು. ಮಂಡಿ ನೋಯಲು ಶುರುವಾದ ಮೇಲೆ ಸಣ್ಣ ಕಾರು ತಂದೆವು. ನಮ್ಮ ಕಡೆ ಕೊಟ್ಟಿಗೆಗೆ ಹೊಸ ಆಕಳು ಬಂದರೆ ನೋಡಲು ಬಂದವರು ಮೊದಲು ಕೇಳುವುದು “ಎಷ್ಟು ಕೊಡ್ತು?” ಎಂದು. ಕಾರು ಬಂದರೂ ಅದೇ ಪ್ರಶ್ನೆ. ಆದರೆ ಆಕಳು ಮಾರುವವನು ಹೇಳಿದ ಹಾಲಿನ ಲೆಕ್ಕವನ್ನು ನಾವು ಯಾರೂ ಪೂರ್ತಿ ನಂಬುವುದಿಲ್ಲ. ಅವನ ಮನೆಯ ಹುಲ್ಲು ಬೇರೆ, ಹಿಂಡಿ ಬೇರೆ, ಹಿಂಡುವ ಕೈ ಬೇರೆ. ಎರಡು ಲೀಟರು ಕಡಿಮೆ ಎಂದು ಮೊದಲೇ ಮನಸ್ಸಿನಲ್ಲಿ ಕಳೆದುಕೊಂಡೇ ಹಗ್ಗ ಹಿಡಿಯುತ್ತೇವೆ. ಕಾರಿನ ವಿಷಯದಲ್ಲಿ ಇವರು ಹಾಗೆ ಕಳೆಯಲಿಲ್ಲ. ಲೀಟರಿಗೆ ಇಪ್ಪತ್ನಾಲ್ಕು ಕಿಲೋಮೀಟರು ಎಂದು ಕಂಪನಿಯ ಕಾಗದದಲ್ಲಿ ಅಚ್ಚಾಗಿತ್ತು. ಅಚ್ಚಾದದ್ದು ಇವರ ಪಾಲಿಗೆ ಪ್ರಮಾಣ.

ಮೊದಲ ತಿಂಗಳು ಹದಿನಾರರ ಮೇಲೆ ಬರಲಿಲ್ಲ. ಬೇರೆಯವರಾಗಿದ್ದರೆ ಕಂಪನಿಗೆ ಬೈದು ಸುಮ್ಮನಾಗುತ್ತಿದ್ದರು. ಇವರು ಹಾಗಲ್ಲ. ಹೋಮಕ್ಕೆ ಫಲ ಸಿಗದಿದ್ದರೆ ಶಾಸ್ತ್ರ ಸುಳ್ಳೆಂದು ಹೇಳುವುದಿಲ್ಲವಲ್ಲ, ಮಾಡಿದವನ ಕ್ರಮದಲ್ಲಿ ಲೋಪ ಎನ್ನುತ್ತಾರೆ. ಅದೇ ನ್ಯಾಯವನ್ನು ಕಾರಿಗೂ ಹಚ್ಚಿದರು. “ಯನ್ನ ಓಡಿಸೋ ಕ್ರಮದಲ್ಲೇ ಎಂತೋ ತಪ್ಪಿದ್ದು,” ಎಂದರು.

ಅಲ್ಲಿಂದ ಶುರುವಾಯಿತು ಅನುಷ್ಠಾನ. ಬಿರುಬಿಸಿಲಿನಲ್ಲೂ ಎಸಿ ಹಾಕುವಂತಿಲ್ಲ. ಪೂಜೆಗೆ ಬೇಕಾದ ಮಣೆ, ತಾಮ್ರದ ಕೊಡಗಳನ್ನು ಡಿಕ್ಕಿಯಿಂದ ತೆಗೆಸಿ, “ಅಲ್ಲೇ ಯಾರ ಮನೇಲಾದ್ರೂ ಸಿಕ್ತು” ಅಂದರು. ಪುರೋಹಿತರ ಕಾರು ಹೋಗುವಾಗ ಹಗುರ, ಬರುವಾಗ ಭಾರ. ಅಕ್ಕಿ, ಕಾಯಿ, ಬಾಳೆಗೊನೆ ತುಂಬಿಕೊಂಡು ಬರಬೇಕು. ಅದನ್ನೂ ಅರ್ಧ ಅಲ್ಲಿಯೇ ಬಿಟ್ಟು ಬರತೊಡಗಿದರು. ಅತ್ತೆ ಒಂದು ದಿನ ಮಗನಿಗೆ ಹೇಳಿದರು: “ತಮಾ, ಯನ್ನನ್ನೂ ದಾರೀಲಿ ಇಳಿಸಿಕ್ಕಿ ಹೋಗು. ಮತ್ತೂ ಹಗುರಾಗ್ತು.”

ಬೆಂಕಿಗೆ ತುಪ್ಪ ಹೊಯ್ಯುವವನು ನನ್ನ ತಮ್ಮ. ಅವನ ಬಳಿಯೂ ಇದೇ ಕಾರು. ಅವನ ಮನೆ ಬನವಾಸಿ ಕಡೆ, ದಿನದ ಓಡಾಟವೆಲ್ಲ ಬಯಲು ದಾರಿಯಲ್ಲಿ. ಬಂದಾಗಲೆಲ್ಲ ಕಾಲು ತೊಳೆಯುವ ಮೊದಲೇ ಕೇಳುತ್ತಿದ್ದ:

“ಭಾವ, ಎಷ್ಟಕ್ಕೆ ಬಂತು ನಿಂಗಳ ತಪಸ್ಸು?”

“ಹದಿನೇಳು ಕಾಣ್ತು ಈಗ.”

“ಯಂದು ಇಪ್ಪತ್ಮೂರು. ನಿಂಗ ಪೆಟ್ರೋಲಿಗೂ ನೈವೇದ್ಯ ಮಾಡಿ ಹಂಚ್ತ್ರ ಹೆಂಗೆ?”

ಇವರು ನಗುತ್ತಿದ್ದರು. ಭಾವ-ನೆಂಟರ ನಡುವೆ ಇದೆಲ್ಲ ಇರುವುದೇ. ಆದರೆ ತಮ್ಮ ಹೋದ ಮೇಲೆ ಕಾರಿನಲ್ಲಿ ಒಬ್ಬರೇ ಕೂತು, ಎದುರಿನ ಪರದೆಯ ಅಂಕಿಯನ್ನು ನೋಡುತ್ತಿದ್ದರು.

ಕಡೆಗೆ ಹಿಡಿದ ದಾರಿಯೇ ನನ್ನ ನಿದ್ದೆ ಕೆಡಿಸಿದ್ದು. ಇಳಿಜಾರು ಬಂದ ಕೂಡಲೇ ಗೇರು ತೆಗೆದು ಕಾರನ್ನು ಉರುಳಲು ಬಿಡುವುದು. ಘಟ್ಟದ ದಾರಿಯಲ್ಲಿ ಹಳೆಯ ಡ್ರೈವರುಗಳು ಹೀಗೆ ಮಾಡುತ್ತಿದ್ದರಂತೆ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉದ್ದನೆಯ ಇಳಿಜಾರಿನಲ್ಲಿ ಇಂಜಿನ್ನನ್ನೇ ಬಂದ್ ಮಾಡತೊಡಗಿದರು. ಮತ್ತಿಘಟ್ಟದ ದಾರಿಯಲ್ಲಿ ಒಮ್ಮೆ ನಾನು ಪಕ್ಕದಲ್ಲಿದ್ದೆ. ಇದ್ದಕ್ಕಿದ್ದಂತೆ ಕಾರಿನ ಸದ್ದು ನಿಂತು, ಗಾಳಿಯ ಸದ್ದು, ಟಯರಿನ ಕೆಳಗೆ ಸಣ್ಣ ಕಲ್ಲು ಸಿಡಿಯುವ ಸದ್ದು ಮಾತ್ರ ಉಳಿಯಿತು. ನಾನು ಸೀಟಿನ ಅಂಚು ಹಿಡಿದು, ಗೊತ್ತಿದ್ದ ಸ್ತೋತ್ರವನ್ನೆಲ್ಲ ಹೇಳಿಕೊಂಡೆ.

“ಬ್ರೇಕು ಇದ್ದಲೇ, ಎಂತಕೆ ಹೆದರ್ತೆ?” ಅಂದರು.

“ಬ್ರೇಕಿನ ಮೇಲೆ ನಂಬಿಕೆ ಇದ್ದು. ಈ ಹುಚ್ಚಿನ ಮೇಲೆ ಇಲ್ಲೆ,” ಅಂದೆ.

ಇವರು ಮಾತು ತೇಲಿಸಿಬಿಟ್ಟರು. ಆವತ್ತಿನಿಂದ ಇವರು ಘಟ್ಟದ ಕಡೆ ಹೊರಟಾಗಲೆಲ್ಲ ನಾನು ದೇವರ ಮುಂದೆ ಇನ್ನೊಂದು ಬತ್ತಿ ಹೆಚ್ಚು ಹಾಕುತ್ತಿದ್ದೆ.

ಹಪ್ಪಳದ ಕೆಲಸ ಅರ್ಧಕ್ಕೇ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಡಿಗೆ ಜೀಪು ಬಾಗಿಲಿಗೆ ಬಂತು. ಮೊದಲು ಇಳಿದವರು ಅತ್ತೆ. ಸೆರಗಿನಲ್ಲಿ ಎರಡು ತೆಂಗಿನಕಾಯಿ. ಇವರು ಹಿಂದೆ. ಮೈಯಲ್ಲಿ ಒಂದು ತರಚು ಗಾಯವೂ ಇಲ್ಲ, ಮುಖ ಮಾತ್ರ ಬೂದಿ ಬಣ್ಣ. ನಾನು ಇಬ್ಬರಿಗೂ ಬೆಲ್ಲ ನೀರು ಕೊಟ್ಟೆ. ಅತ್ತೆಯೇ ಶುರು ಮಾಡಿದರು.

“ಕೂಸೆ, ಯಂಗೆ ಎಂತೂ ಗೊತ್ತಾಜಿಲ್ಲೆ. ಇವತ್ತು ಕಾರು ಎಷ್ಟು ಮೆತ್ತಗೆ ಹೋಗ್ತು, ಮಂಚದ ಮೇಲೆ ಕೂತ ಹಂಗೆ ಇದ್ದು ಹೇಳಿ ಖುಷಿಲಿ ಇದ್ದಿ. ಕಡೆಗೆ ನೋಡಿದ್ರೆ ಮೂಗಿನ ಮುಂದೆ ಮಣ್ಣು.”

ಆಗ ಇವರು ಬಾಯಿ ಬಿಟ್ಟರು. ಇಂಜಿನ್ನು ಬಂದ್ ಮಾಡಿ ಇಳಿಸುತ್ತಿದ್ದರು. ಮೊದಲೆರಡು ಸಲ ಬ್ರೇಕು ಒತ್ತಿದಾಗ ಎಂದಿನಂತೆ ಹಿಡಿಯಿತು. ಮೂರನೆಯ ತಿರುವಿನಲ್ಲಿ ಪೆಡಲು ಕಲ್ಲಿನಂತಾಯಿತು. ಎಷ್ಟು ಒತ್ತಿದರೂ ಕಾರು ನಿಧಾನವಾಗಲೊಲ್ಲದು. ಸ್ಟಿಯರಿಂಗ್ ಒರಳು ತಿರುಗಿಸಿದಷ್ಟು ಭಾರ. ಬಲಕ್ಕೆ ಕಣಿವೆ, ಎಡಕ್ಕೆ ಗೋಡೆಯಂತೆ ನಿಂತ ಮಣ್ಣಿನ ಧರೆ. ಎರಡೂ ಕೈಯಿಂದ ಎಡಕ್ಕೆ ಎಳೆದು ಧರೆಗೆ ಉಜ್ಜಿಸಿ ನಿಲ್ಲಿಸಿದರಂತೆ. ಎದುರಿನಿಂದ ಏರಿ ಬರುತ್ತಿದ್ದ ಆ ಲಾರಿ ಇನ್ನೂ ಒಂದು ತಿರುವು ಕೆಳಗಿತ್ತು. ಧರೆ ಕಲ್ಲಿನದಾಗಿರದೆ ಮಣ್ಣಿನದಾಗಿತ್ತು. ಲಾರಿಯವನು ನಿಲ್ಲಿಸದೆ ಹೋಗುವವನಾಗಿರಲಿಲ್ಲ. ಇದರಲ್ಲಿ ಯಾವುದೊಂದು ತಪ್ಪಿದ್ದರೂ ನಾನು ಇವತ್ತು ಹೀಗೆ ಬರೆಯುತ್ತ ಕೂರುತ್ತಿರಲಿಲ್ಲ.

ಸಂಜೆ ಸುದ್ದಿ ತಿಳಿದು ತಮ್ಮ ಓಡಿ ಬಂದ. ಈ ಸಲ ಮೊದಲು ಕಾಲು ತೊಳೆದು, ಒಳಗೆ ಬಂದು ಕೂತ. ಇವರೇ ಮಾತು ತೆಗೆದರು.

“ಮಾಡಿದ ಕ್ರಮ ಸರಿ ಇತ್ತು. ಬ್ರೇಕು ಎಂತಕೆ ಗಟ್ಟಿ ಆತು ಹೇಳಿ ಗೊತ್ತಾಗ್ತಿಲ್ಲೆ.”

ಇಷ್ಟಾದ ಮೇಲೂ ಕ್ರಮ ಸರಿ ಇತ್ತು ಅನ್ನುವವರು ರಿಪೇರಿಯಾದ ಮರುದಿನವೇ ಮತ್ತೆ ಹಾಗೆಯೇ ಇಳಿಸುವವರು.

“ಭಾವ, ಇಂಜಿನ್ನು ನಿಂತ್ರೆ ಬ್ರೇಕಿಗೆ ಬಲ ಕೊಡೋದೂ ನಿಲ್ತು,” ಅಂದ ತಮ್ಮ. “ಅದೂ ಅಲ್ದೆ, ಗೇರಿನಲ್ಲೇ ಬಿಟ್ಟು ಕಾಲು ತೆಗದ್ರೆ ಈಗಿನ ಕಾರು ಇಳಿಜಾರಿನಲ್ಲಿ ಪೆಟ್ರೋಲು ಕುಡಿಯದೇ ಇಲ್ಲೆ. ನಿಂಗ ಬಂದ್ ಮಾಡಿ ಎಂತದೂ ಉಳಿಸಿದ್ದಿಲ್ಲೆ.”

“ಹಂಗಾರೆ ನಿಂಗೆ ಇಪ್ಪತ್ಮೂರು ಹೆಂಗೆ ಬತ್ತು?”

ತಮ್ಮ ತಲೆ ಕೆರೆದುಕೊಂಡ. “ಹಾವೇರಿಗೆ ಹೋದ ದಿನ ಒಂದ್ಸಲ ಕಂಡಿತ್ತು. ಸಪಾಟು ರಸ್ತೆ, ಒಬ್ಬನೇ ಇದ್ದಿದ್ದಿ. ಅದನ್ನೇ ಹೇಳ್ತಾ ಬಂದಿ. ದಿನಾ ಬಪ್ಪುದು ಇಪ್ಪತ್ತರ ಒಳಗೇಯ.”

“ಆದ್ರೂ ಕಂಪನಿಯವು ಬರೆದಿದ್ದ ಅಲ್ದ,” ಅಂದರು ಇವರು, ಬಿಡಲೊಲ್ಲದೆ. “ಸುಳ್ಳು ಬರೀತ್ವ?”

ಗೋಡೆಗೆ ಒರಗಿ ಜಪದ ಮಣಿ ಎಣಿಸುತ್ತಿದ್ದ ಅತ್ತೆ ಮಣಿ ನಿಲ್ಲಿಸಿ ಮಗನ ಕಡೆ ತಿರುಗಿದರು.

“ತಮಾ, ನೀನು ಪೂಜೆಗೆ ಕೂತಾಗ ಮೊದಲು ಎಂತ ಹೇಳ್ತೆ? ಸಂಕಲ್ಪ ಅಲ್ದ?”

“ಹೌದು ಆಯಿ.”

“ಅದ್ರಲ್ಲಿ ಎಂತ ಬತ್ತು? ಯಾವ ದೇಶ, ಯಾವ ತೀರ, ಯಾವ ಮಾಸ, ಯಾವ ತಿಥಿ. ಎಲ್ಲಿ ಕೂತು ಮಾಡ್ತಾ ಇದ್ದೆ ಹೇಳದೆ ಒಂದು ಹೂವೂ ಏರಿಸ್ತಿಲ್ಲೆ ನೀನು. ಆ ಕಂಪನಿಯವು ಎಲ್ಲಿ ಕೂತು ಇಪ್ಪತ್ನಾಲ್ಕು ಹೇಳಿದ್ದ, ಕೇಳಿದ್ಯ?”

ಇವರು ನನ್ನ ತಮ್ಮನ ಮುಖ ನೋಡಿದರು.

“ಒಂದು ಕೋಣೆ ಒಳಗೆ ಉರುಳೆ ಮೇಲೆ ಚಕ್ರ ತಿರುಗಿಸಿ ಅಳೀತ್ವಡ,” ಅಂದ ತಮ್ಮ, ಮೆಲ್ಲಗೆ. “ಕಾರು ಎಲ್ಲಿಗೂ ಹೋಗ್ತಿಲ್ಲೆ. ಗುಡ್ಡ ಇಲ್ಲೆ, ಎಸಿ ಇಲ್ಲೆ, ತಿರುವಿಲ್ಲೆ.”

“ಕೇಳಿದ್ಯ,” ಅಂದರು ಅತ್ತೆ. “ಅವರ ದೇಶ ಬೇರೆ, ನಿನ್ನ ದೇಶ ಬೇರೆ. ಅವು ಸುಳ್ಳು ಹೇಳಿದ್ವಿಲ್ಲೆ, ನೀನೂ ತಪ್ಪು ಮಾಡಿದ್ದಿಲ್ಲೆ. ನೀನು ಇಪ್ಪುದು ಘಟ್ಟದ ಮೇಲೆ. ಇಲ್ಲಿ ಹತ್ತಲೇ ಬೇಕು, ಇಳಿಯಲೇ ಬೇಕು. ಅದಕ್ಕೆ ಎಷ್ಟು ಬೇಕೋ ಅಷ್ಟು ಕುಡೀತು ಅದು.”

ಮತ್ತೆ ಮಣಿ ಎಣಿಸತೊಡಗಿದರು. ಇವರು ಎದ್ದು ಸಂಧ್ಯಾವಂದನೆಗೆ ಹೋದರು. ಒಳಗಿನಿಂದ ಇವರು ಸಂಕಲ್ಪ ಹೇಳುವುದು ಕೇಳಿಸಿತು. ಸಹ್ಯಪರ್ವತದ ಹೆಸರು ಬರುವಲ್ಲಿ ಇವರು ಒಂದು ಕ್ಷಣ ನಿಂತಂತೆ ನನಗನ್ನಿಸಿತು. ಅದು ನನ್ನ ಭ್ರಮೆಯೂ ಇರಬಹುದು.

ಕಾರಿನ ಎಡಗಡೆಯ ತಗಡು ಜಜ್ಜಿ, ದೀಪ ಒಡೆದಿತ್ತು. ಗ್ಯಾರೇಜಿನಿಂದ ಬರುವಷ್ಟರಲ್ಲಿ ಹುಣ್ಣಿಮೆ ಹತ್ತಿರವಾಗಿತ್ತು. ನಿಲ್ಕುಂದದ ಕೆಳಗಿನ ಮನೆಯವರು ವ್ರತವನ್ನು ಆ ಹುಣ್ಣಿಮೆಗೆ ಮುಂದೂಡಿಕೊಂಡಿದ್ದರು. ಈ ಸಲ ನಾನೂ ಬರುತ್ತೇನೆ ಎಂದೆ. ಇವರು ಬೇಡವೆನ್ನಲಿಲ್ಲ. ತಾಮ್ರದ ಕೊಡ, ಮಣೆ ಎಲ್ಲವನ್ನೂ ತಾವೇ ಡಿಕ್ಕಿಗೆ ತುಂಬಿದರು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು, ಪೂರ್ತಿ ಅಲ್ಲ. ಮನುಷ್ಯರ ಮನಸ್ಸು ಮನೆಯಲ್ಲಿ ಒಂದು, ಇಳಿಜಾರಿನಲ್ಲಿ ಇನ್ನೊಂದು.

ನಿಲ್ಕುಂದ ದಾಟಿತು. ಇಳಿಜಾರು ಶುರುವಾಗುವಲ್ಲಿ ನನ್ನ ಕಣ್ಣು ಇವರ ಕೈ ಮೇಲೆಯೇ ಇತ್ತು. ಕೈ ಕೀಲಿಯ ಕಡೆ ಹೋಗಲಿಲ್ಲ. ಗೇರಿನ ಹಿಡಿಯ ಮೇಲೆ ಬಂದು, ಎರಡನೆಯ ಗೇರಿಗೆ ಎಳೆಯಿತು. ಇಂಜಿನ್ನು ಗುರ್ರೆಂದು ಕಾರನ್ನು ಹಿಂದಕ್ಕೆ ಹಿಡಿದುಕೊಂಡಿತು. ಹಿಂದಿನ ಸೀಟಿನಿಂದ ಅತ್ತೆ ಹೇಳಿದರು: “ಎಂತ ಗಲಾಟೆ ಮಾಡ್ತು ಇದು ಇವತ್ತು.”

“ಮಾಡ್ಲಿ ಆಯಿ,” ಅಂದರು ಇವರು. “ಮಾಡ್ಲೇ ಬೇಕು ಅದು.”

ಕಾರು ಗುದ್ದಿದ ಧರೆಯಲ್ಲಿ ಹಸಿ ಮಣ್ಣಿನ ಗೀರು ಇನ್ನೂ ಕೆಂಪಗಿತ್ತು. ಆ ಗುರ್ರೆನ್ನುವ ಸದ್ದು ಕೊನೆಯ ತಿರುವಿನವರೆಗೂ ನಮ್ಮ ಜೊತೆಗಿತ್ತು.

ಆ ಮನೆಯ ಯಜಮಾನರು ಅಂಗಳದಲ್ಲೇ ಎದುರುಗೊಂಡರು. ಕೈಕಾಲಿಗೆ ನೀರು ಕೊಟ್ಟು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

“ಭಟ್ಟರೇ, ಸಣ್ಣ ಕಾರು ಅಲ್ದ. ಎಷ್ಟು ಕೊಡ್ತು?”

ಇವರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ ಹೇಳಿದರು:

“ಈ ದಾರೀಲಿ ಹದಿನೈದು. ಬನವಾಸಿ ಕಡೆ ಹೋದ್ರೆ ಹತ್ತೊಂಬತ್ತು. ಅಡ್ಡಿಲ್ಲೆ.”

“ಅಡ್ಡಿಲ್ಲೆ, ಅಡ್ಡಿಲ್ಲೆ,” ಅಂದರು ಅವರೂ, ಮಾತು ಮಾವಿನ ಮಿಡಿಯ ಕಡೆ ಹೊರಳಿತು.

ಒಳಗಿನಿಂದ ಆ ಮನೆಯಾಕೆ ಕರೆದರು, ಸಪಾದಕ್ಕೆ, ಸತ್ಯನಾರಾಯಣನ ಸಜ್ಜಿಗೆಯ ಪ್ರಸಾದಕ್ಕೆ, ಹೊತ್ತಾಯಿತು ಎಂದು. ನಾನು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋಗಿ, ಬಾಣಲೆಗೆ ತುಪ್ಪ ಹಾಕಿ, ಸಣ್ಣ ಉರಿಯಲ್ಲಿ ರವೆ ಹುರಿಯಲು ಕೂತೆ.