ಗಬ್ಬೂರಿನ ಬೋಣಿ

ಮೂಕಪ್ಪ ಮಾತಿನ ಮನುಷ್ಯ. ಹೆಸರಿಟ್ಟವರು ಅವಸರ ಮಾಡಿದ್ದರು, ಅಷ್ಟೇ. ರಾಯಚೂರಿನ ಶರಣಯ್ಯ ಸಾಹುಕಾರರ ಏಜೆನ್ಸಿಗೆ ಸೋಪು, ಬಿಸ್ಕತ್ತು, ಚಹಾಪುಡಿಯ ಆರ್ಡರ್ ತರಲು ಒಂದು ದಿನ ದೇವದುರ್ಗದ ದಾರಿ, ಇನ್ನೊಂದು ದಿನ ಮಾನ್ವಿಯ ದಾರಿ ಹಿಡಿಯುವುದು ಅವನ ಕೆಲಸ. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತವರ ಮನೆತನವೆಲ್ಲ ಅವನಿಗೆ ಗೊತ್ತಾಗಿರುತ್ತಿತ್ತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇದ್ದ ಒಂದೇ ಪೀಡೆ, ಆರ್ಡರ್ ಬರೆಯಲೆಂದು ಮಾಲಿನ ಕಂಪನಿ ಕೊಟ್ಟ ಮೊಬೈಲ್ ಆ್ಯಪು. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಒಂದು ಸೋಪು ಸಿಗುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಅಂಗಡಿಯವರು ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಸಂಜೆ ಬಸ್ಸಿನಲ್ಲಿ ಕೂತು ಒತ್ತುತ್ತಿದ್ದ. ಒಬ್ಬರ ಬಿಸ್ಕತ್ತು ಇನ್ನೊಬ್ಬರ ಅಂಗಡಿಗೆ ಹೋಗಿ ಬೈಸಿಕೊಂಡದ್ದೂ ಉಂಟು.

ಹೋದ ವರ್ಷ ಆ್ಯಪು ತಯಾರಿಸುವ ವಿನೋದ ಹುಬ್ಬಳ್ಳಿಯಿಂದ ಬಂದು, ಮೂಕಪ್ಪನ ಜೊತೆ ಅಂಗಡಿ ಅಂಗಡಿ ತಿರುಗಿ, ಅವನ ಗೋಳನ್ನು ತಾಳ್ಮೆಯಿಂದ ಕೇಳಿಸಿಕೊಂಡ. ಕೆಲವು ತಿಂಗಳಲ್ಲಿ ಹೊಸ ಆ್ಯಪು ಬಂತು. ಕನ್ನಡ ಅಕ್ಷರ, ಹೆಬ್ಬೆರಳಗಲದ ಚಿತ್ರ, ಹಿಂದಿನ ಸಲ ತರಿಸಿದ ಮಾಲು ಕಣ್ಣೆದುರಿಗೇ. ಆರ್ಡರ್ ಮುಗಿದರೆ ಪರದೆಯ ಮೇಲೆ ಹೂವು ಉದುರುತ್ತಿತ್ತು. ಮೂಕಪ್ಪನಿಗೆ ಖುಷಿಯೋ ಖುಷಿ. ಆ ಖುಷಿಯಲ್ಲೇ ಅವನು ಎಡವಿದ.

ಗಬ್ಬೂರಿನ ಬಸ್‌ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟಿರುವ ಹೀರಾಬಿಯದು ಒಳ್ಳೆಯ ಕೈಗುಣ ಎಂದು ಸುತ್ತಿನ ವ್ಯಾಪಾರಿಗಳ ನಂಬಿಕೆ. ದಿನದ ಮೊದಲ ವ್ಯಾಪಾರ ಅವಳ ಕೈಯಿಂದ ಆದರೆ ಸಂಜೆತನಕ ಚಿಂತೆಯಿಲ್ಲ. ದೇವದುರ್ಗದ ದಾರಿ ಹಿಡಿದ ದಿನ ಮೂಕಪ್ಪ ಬೋಣಿಗೆಂದು ಮೊದಲು ಅಲ್ಲೇ ಇಳಿಯುತ್ತಿದ್ದ. ಈಗ ಚಿತ್ರಗಳಿದ್ದವಲ್ಲ, ಫೋನನ್ನೇ ಅವಳ ಕೈಗೆ ಕೊಟ್ಟು, ನಿಮ್ಮ ಬೆರಳಿಂದಲೇ ಬೋಣಿಯಾಗಲಿ ಅಕ್ಕಾ ಎಂದ. ಅವಳು ಬಿಸ್ಮಿಲ್ಲಾ ಎಂದು ಸೋಪಿನ ಮೇಲೆ ಒತ್ತಿದಳು. ಹೂವು ಉದುರಿತು.

ಸುದ್ದಿ ಬಸ್ಸಿಗಿಂತ ಮುಂದೆ ಹೋಯಿತು. ಹೀರಾಬಿಗೆ ಕೊಟ್ಟ ಫೋನು ನಮಗೇಕಿಲ್ಲ ಎಂದು ದೇವದುರ್ಗದವರು ಕೇಳಿದರು, ಆಮೇಲೆ ಮಾನ್ವಿಯವರು. ಮೂಕಪ್ಪ ಎಲ್ಲರ ಕೈಗೂ ಕೊಟ್ಟ. ಹೂವಿನ ಆಸೆಗೆ ಅವರು ಚಹಾಪುಡಿಯ ಜೊತೆ ಬೇಡದ ಬಿಸ್ಕತ್ತನ್ನೂ ಒತ್ತಿದರು. ಆರ್ಡರ್ ಏರಿತು. ಸಾಹುಕಾರರು ಎಲ್ಲರೆದುರು ಅವನಿಗೆ ಶಾಲು ಹೊದಿಸಿದರು.

ಇಷ್ಟೇಕೆ ಏರಿತೆಂದು ನೋಡಲು ವಿನೋದ ಮತ್ತೆ ಬಂದ. ಅಂಗಡಿಯವರೇ ಒತ್ತುವುದನ್ನು ಕಂಡು ಮೂಕಪ್ಪನ ಬೆನ್ನು ತಟ್ಟಿದ, ಕಂಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವರೇ ಒತ್ತುವುದಾದರೆ ಅವರ ಫೋನಿಗೇ ಆ್ಯಪು ಹಾಕಿದರಾಯಿತು, ನಡುವೆ ಮನುಷ್ಯ ಯಾಕೆ ಎಂದಿತು ಕಂಪನಿ. ಮೂಕಪ್ಪ ತಾನು ಕೂತ ಟೊಂಗೆಯನ್ನು ತಾನೇ ಕಡಿದಿದ್ದ, ಅದೂ ನಗುನಗುತ್ತ. ವಿನೋದನನ್ನು ಬೈಯುವಂತಿಲ್ಲ, ತನಗೆ ಹೇಳಿದ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ್ದ.

ಶರಣಯ್ಯ ಸಾಹುಕಾರರು ಕೆಲಸದಿಂದ ತೆಗೆಯಲಿಲ್ಲ. ಗೋಡೌನಿನಲ್ಲಿ ಪೆಟ್ಟಿಗೆ ಕಟ್ಟಲಿ, ಅದಕ್ಕೂ ಮೊದಲು ಎಲ್ಲ ಅಂಗಡಿಯವರ ಫೋನಿಗೆ ಆ್ಯಪು ಹಾಕಿ ಬರಲಿ ಎಂದರು.

"ತಿರಗೋದು ತಪ್ಪಿತಲ್ಲೋ ಮೂಕಪ್ಪ. ನೆಳ್ಳಾಗ ಕುಂದ್ರು."

ಮಾತಿಲ್ಲದ ನೆರಳು ಅವನಿಗೆ ಬೇಕಿರಲಿಲ್ಲ.

ಗಬ್ಬೂರನ್ನು ಕೊನೆಗೆ ಉಳಿಸಿಕೊಂಡಿದ್ದ. ಮುಂಜಾನೆ ಹೀರಾಬಿಯ ಫೋನಿಗೆ ಆ್ಯಪು ಹಾಕಿ, ಇನ್ನು ಮೇಲೆ ತಾನು ಬರುವುದಿಲ್ಲ, ನೀವೇ ಒತ್ತಿದರೆ ಸಾಕು ಎಂದು ತಿಳಿಸಿದ. ಅವಳು ಫೋನನ್ನು ಕೆಳಗಿಟ್ಟಳು.

"ಎದುರಿಗೆ ಮನಿಷ್ಯಾ ಇಲ್ದ ಬೋಣಿ ಯಾರಿಗೆ ಮಾಡ್ಲಿ ತಮ್ಮಾ?"

ಅವಳು ಒಂದು ಸೋಪು ತೆಗೆದು ಮುಂದಿಟ್ಟಳು.

"ಇಷ್ಟ ದಿನ ನಿಂದು ನಾ ಮಾಡೀನಿ. ಇವತ್ತ ನಂದು ನೀ ಮಾಡು."

ತಾನೇ ತಂದುಕೊಟ್ಟಿದ್ದ ಸೋಪನ್ನು ಮೂಕಪ್ಪ ಕೊಂಡ. ಹೀರಾಬಿ ಅವನ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದಳು.

ಮರುದಿನ ಗೋಡೌನಿಗೆ ದೇವದುರ್ಗದ, ಮಾನ್ವಿಯ ಆರ್ಡರುಗಳು ಒಂದರ ಹಿಂದೊಂದು ಬಂದವು. ಗಬ್ಬೂರಿನದು ಬಂದಿರಲಿಲ್ಲ. ಬರದೇ ಇರಲಿ ಎಂದು ಮೂಕಪ್ಪ ಒಳಗೊಳಗೇ ಆಸೆಪಟ್ಟ. ಊಟದ ಹೊತ್ತಿಗೆ ಅದೂ ಬಂತು. ಆ ಪೆಟ್ಟಿಗೆಯನ್ನು ಅವನೇ ಕಟ್ಟಿದ.