ತಣ್ಣೀರಿನಲ್ಲಿ ತೇಲಿದ ಕಾಫಿಪುಡಿ

ಸಹಕಾರನಗರದ ಹೊಸ ಕಾಫಿ ಅಂಗಡಿಯಲ್ಲಿ ಬೀಜ ಹುರಿಯುವ ವಾಸನೆಗೆ ಕೋಗಿಲು ಹಳ್ಳಿಯ ನಮ್ಮಜ್ಜಿ ನೆನಪಾದಳು.

ಅಜ್ಜಿ ಯಾರ ಪುಡಿಯನ್ನೂ ನಂಬುತ್ತಿರಲಿಲ್ಲ. ಪೊಟ್ಟಣ ಬಿಚ್ಚಿದ ಕೂಡಲೇ ಒಂದು ಚಿಟಿಕೆಯನ್ನು ತಣ್ಣೀರಿಗೆ ಹಾಕುವಳು. ಕಾಫಿಯಾದರೆ ತೇಲುತ್ತದೆ, ಬೆರಕೆ ಮಾಡಿದ ಚಿಕೋರಿ ಬೇರಿನ ಪುಡಿಯಾದರೆ ಬಣ್ಣ ಬಿಟ್ಟು ಮುಳುಗುತ್ತದೆ. ಪ್ರತಿ ಸಲವೂ ಅರ್ಧ ಮುಳುಗುತ್ತಿತ್ತು.

ಯಾರೋ ಯೆಮೆನ್‌ನಿಂದ ಏಳು ಕಾಫಿಬೀಜ ಬಚ್ಚಿಟ್ಟುಕೊಂಡು ನಮ್ಮ ನಾಡಿಗೆ ತಂದರಂತೆ ಎಂದು ಶಾಲೆಯಲ್ಲಿ ಕೇಳಿದ್ದನ್ನು ಒಮ್ಮೆ ಅಜ್ಜಿಗೆ ಹೇಳಿದೆ.

"ನೋಡ್ದೇನ್ಲಾ, ಬಂದಿದ್ದೇ ಕದ್ದು. ಇನ್ನ ಅಂಗ್ಡಿಯೋನು ನೆಟ್ಟಗಿರ್ತಾನಾ?" ಎಂದಳು.

ಕೊನೆಗೆ ಅಪ್ಪ ಬೀಜವನ್ನೇ ತಂದು ಅವಳೆದುರೇ ಪುಡಿ ಮಾಡಿದರು. ಪೂರ್ತಿ ತೇಲಿತು. ಅಜ್ಜಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಇದ್ರಾಗೇನೋ ಮೋಸ ಐತೆ ಕಣ್ಲಾ. ಕಾಫಿ ಇಂಗಿರಲ್ಲ."

ಇವತ್ತು ಅಂಗಡಿಯ ಹುಡುಗಿ, "ಚಿಕೋರಿ ಇಲ್ಲ ಸರ್, ಪ್ಯೂರ್ ಕಾಫಿ" ಎಂದಳು. ಒಂದು ಗುಟುಕು ಕುಡಿದೆ. ಆಮೇಲೆ ಒಂದು ಚಿಟಿಕೆ ಪುಡಿ, ಒಂದು ಲೋಟ ತಣ್ಣೀರು ಕೇಳಿದೆ.