ಐದು ಸಲ ಬಡಿಸಿದ ಎಣ್ಣೆಗಾಯಿ

ಸಿನಿಮಾದಲ್ಲಿ ಊಟಕ್ಕೆ ಕೂತವರು ಹೊಟ್ಟೆ ತುಂಬ ಉಂಡದ್ದನ್ನು ನೀವು ಎಂದಾದರೂ ನೋಡಿದ್ದೀರಾ? ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಫೋನು ಬರುತ್ತದೆ, ಇಲ್ಲವೇ ಜಗಳ ಶುರುವಾಗುತ್ತದೆ. ಈ ವಿಷಯದಲ್ಲಿ ನನ್ನದು ಅಧಿಕಾರವಾಣಿ, ಏಕೆಂದರೆ ನಾನೂ ಒಮ್ಮೆ ನಟನಾಗಿದ್ದೆ.

ಅಮೆರಿಕದ ಕ್ಯುಪರ್ಟಿನೋದ ಗ್ಯಾರೇಜುಗಳಲ್ಲೆಲ್ಲ ಕಂಪನಿಗಳು ಹುಟ್ಟುತ್ತಿದ್ದ, ನಾನು ಮನೆಗಿಂತ ಆಫೀಸಿನಲ್ಲೇ ಹೆಚ್ಚು ವಾಸವಾಗಿದ್ದ ಕಾಲ ಅದು. ಗೆಳೆಯರೊಬ್ಬರ ಮಗಳು ದೀಪಾ, ಪ್ರೀತಿ ಎಂದರೇನೆಂದು ಹುಡುಕುವ ಸಾಕ್ಷ್ಯಚಿತ್ರವೊಂದನ್ನು ಕಾಲೇಜಿಗಾಗಿ ತೆಗೆಯುತ್ತಿದ್ದಳು. ಅರ್ಧ ನಿಜ, ಅರ್ಧ ಅವಳೇ ಬರೆದ ದೃಶ್ಯಗಳು. ಋಷಿಮುನಿಗಳಿಗೂ ನಿಲುಕದ ಈ ಜಿಜ್ಞಾಸೆಗೆ ಅವಳು ನನ್ನನ್ನೂ ನನ್ನ ಹೆಂಡತಿ ಸರಸಳನ್ನೂ ಆರಿಸಿಕೊಂಡದ್ದು ನಮ್ಮ ದಾಂಪತ್ಯದ ಮಹಿಮೆಯಿಂದಲ್ಲ, ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಬೆಳಕು ಚೆನ್ನಾಗಿತ್ತೆಂದು.

ದೃಶ್ಯದಲ್ಲಿ ಗಂಡ ಹೆಂಡತಿಗೆ ಬಡಿಸಬೇಕಿತ್ತು. ಸರಸ ಇಪ್ಪತ್ತು ವರ್ಷ ನನಗೆ ಬಡಿಸಿ, ಆಮೇಲೆ ಒಬ್ಬಳೇ ಕೂತು ಉಂಡವಳು. "ಅಂಕಲ್, ಆಂಟಿ ಫೇವರಿಟ್ ಏನು? ಅದನ್ನೇ ಸರ್ವ್ ಮಾಡಿ" ಎಂದಳು ದೀಪಾ. ಬದನೆಕಾಯಿ ಎಣ್ಣೆಗಾಯಿ ಎಂದು ಥಟ್ಟನೆ ಹೇಳಿದೆ. ವಾರಕ್ಕೆರಡು ಸಲ ಮಾಡುತ್ತಿದ್ದಳಲ್ಲ! ಸರಸ ನನ್ನ ಮುಖ ನೋಡಿ ನಕ್ಕು, "ಹೂಂ, ಅದೇ" ಎಂದಳು. ಒಮ್ಮೆ ನಾನು ಸೌಟು ಬೀಳಿಸಿದೆ, ಒಮ್ಮೆ ನಾನು ಕ್ಯಾಮೆರಾವನ್ನೇ ದಿಟ್ಟಿಸಿದೆ. ಅಂತೂ ದೃಶ್ಯ ಸರಿಬರುವಷ್ಟರಲ್ಲಿ ಐದು ಸಲ ಬಡಿಸಿದೆ, ಐದು ಸಲವೂ ಅವಳು ತಿಂದಳು. ಚಿತ್ರ ನೋಡಿದ ಜನ ಚಪ್ಪಾಳೆ ತಟ್ಟಿದರು. ನಾನಂತೂ ಕೆಲವು ದಿನ ಪ್ರೇಮಶಾಸ್ತ್ರದ ಪಂಡಿತನಂತೆ ಓಡಾಡಿದೆ.

ಮರುವರ್ಷ ಸರಸ ಕಾಯಿಲೆ ಬಿದ್ದು ತೀರಿಕೊಂಡಳು. ವರ್ಷದ ತಿಥಿಗೆ, ಹೋದವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮ ಕಡೆಯ ಪದ್ಧತಿ. ಮಂಡ್ಯದಲ್ಲಿರುವ ಅವಳ ತಂಗಿಗೆ ಫೋನು ಮಾಡಿ, ಎಣ್ಣೆಗಾಯಿ ಮಾಡುತ್ತೇನೆ ಎಂದೆ.

"ಅಯ್ಯೋ ಭಾವ, ಅಕ್ಕಂಗೆ ಬದನೆಕಾಯಿ ಆಗ್ತಾನೇ ಇರ್ಲಿಲ್ವಲ್ಲ! ತಿಂದ್ರೆ ಬಾಯೆಲ್ಲಾ ನವೆ ಬರೋದು."

"ಹಂಗಾದ್ರೆ ಏನಮ್ಮ ಇಷ್ಟ ಅವಳಿಗೆ?"

"ಅಕ್ಕ ಮದುವೆಯಾಗಿ ಹೋಗಿ ಅಷ್ಟು ವರ್ಷ ಆಯ್ತು. ನಿಮಗೇ ತಾನೆ ಭಾವ ಗೊತ್ತಿರ್ಬೇಕು?"

ದೀಪಾ ತೆಗೆದ ಚಿತ್ರದ ಕ್ಯಾಸೆಟ್ಟು ಹಾಕಿ ನೋಡಿದೆ. ಪ್ರತಿ ತುತ್ತಿಗೂ ಅವಳ ಕೈ ನೀರಿನ ಲೋಟಕ್ಕೆ ಹೋಗುತ್ತಿದೆ. ನಾನು ಬೀಗುತ್ತ ಇನ್ನೊಂದು ಬದನೆಕಾಯಿ ಬಡಿಸುತ್ತಿದ್ದೇನೆ. ಟೀವಿ ಆರಿಸಿ, ನಾಚಿಕೆಯಿಂದಲೂ ದುಃಖದಿಂದಲೂ ಅತ್ತೆ.

ತಿಥಿಯ ದಿನ ಒಬ್ಬಟ್ಟು, ಚಿತ್ರಾನ್ನ, ಕೋಸಂಬರಿ, ಉಪ್ಪಿಟ್ಟು ಎಂದು ನನಗೆ ಬರುವುದನ್ನೂ ಬಾರದ್ದನ್ನೂ ಸೇರಿಸಿ ಹನ್ನೊಂದು ಬಗೆ ಮಾಡಿ ಎಡೆ ಇಟ್ಟು ಕೈಮುಗಿದೆ. ಅದರಲ್ಲಿ ಒಂದಾದರೂ ಅವಳಿಗೆ ಇಷ್ಟವಾದದ್ದು ಇದ್ದಿರಬಹುದು.